ಕೊನೇ ಗದ್ದೆಗೆ ನೀರು ಮುಟ್ಟಿತೇ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಈ ಶಾಲೆಯಲ್ಲೇ ಓದಿ ಮುಂದೆ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರೊಬ್ಬರು ಮಾಡಿದ ಭಾಷಣದ ಬರಹರೂಪ)





ಶಾಲೆ ಶುರುವಾದ ಎರಡೇ ವರ್ಷಕ್ಕೆ ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದೆ. ಆಗ ಈ ಕಟ್ಟಡ ಇರಲಿಲ್ಲ. ಹಂಚಿನ ಮೂರು ಕೋಣೆ, ಒಂದು ಬೇವಿನ ಮರ, ಒಂದು ಗಂಟೆ ಇಷ್ಟೇ. ಗಂಟೆ ಎಂದರೆ ತೂಗು ಹಾಕಿದ ರೈಲು ಕಂಬಿಯ ತುಂಡು. ಅದನ್ನು ಹೊಡೆಯುವ ಕೆಲಸಕ್ಕೆ ನಮ್ಮೊಳಗೆ ಜಗಳವೇ ಆಗುತ್ತಿತ್ತು. ಇವತ್ತು ಬೆಳಿಗ್ಗೆ ಗೇಟಿನ ಒಳಗೆ ಕಾಲಿಟ್ಟಾಗ ಮೊದಲು ಕಣ್ಣು ಹುಡುಕಿದ್ದು ಆ ಕಂಬಿಯನ್ನೇ. ಇನ್ನೂ ಇದೆ. ಸಂತೋಷವಾಯಿತು.

ಸಮಿತಿಯವರು ನನಗೆ ಕೊಟ್ಟ ವಿಷಯ "ದಿನನಿತ್ಯದ ಬದುಕಿನಲ್ಲಿ ನಾಯಕತ್ವ". ಫೋನಿನಲ್ಲಿ ಹೇಳಿದಾಗ ಹೂಂ ಅಂದೆ. ಆಮೇಲೆ ಯೋಚನೆ ಹತ್ತಿತು. ನಾಯಕತ್ವದ ಮೇಲೆ ಮಾತಾಡಲು ನಾನು ಯಾರು? ಶಾಸಕನಲ್ಲ, ಸಂಘದ ಅಧ್ಯಕ್ಷನೂ ಅಲ್ಲ. ಮೂವತ್ತು ಚಿಲ್ಲರೆ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ವರ್ಗಾವಣೆ ಆದಲ್ಲೆಲ್ಲ ಟ್ರಂಕು ಹೊತ್ತುಕೊಂಡು ಹೋದ ಮೇಷ್ಟ್ರು. ಆದರೆ ಆ ನಾಲ್ಕೂ ಕಡೆ ನಾನು ಪಾಠ ಹೇಳಿದ್ದಕ್ಕಿಂತ ಹೆಚ್ಚು ಪಾಠ ಹೇಳಿಸಿಕೊಂಡಿದ್ದೇನೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಅದರಲ್ಲಿ ಒಂದು ನನ್ನದೇ ತಪ್ಪಿನ ಕಥೆ. ಅದನ್ನು ಕೊನೆಗೆ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಮೊದಲು ನಮ್ಮ ಊರಿನದೇ ಮಾತು.

ಭದ್ರಾ ನೀರು ಉಂಡವರು ನಾವು. ಮಳೆಗಾಲ ಬಂದರೆ ನಮ್ಮ ಕಡೆ ಕ್ಷೇಮ ಸಮಾಚಾರ ಕೇಳುವುದಕ್ಕಿಂತ ಮೊದಲು "ಡ್ಯಾಂ ಎಷ್ಟು ಅಡಿ ಆಯ್ತು?" ಅಂತ ಕೇಳುತ್ತಾರೆ. ನೂರ ಎಂಬತ್ತಾರು ಅಡಿ ಅಂದರೆ ತುಂಬಿತು ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಡ್ಯಾಂ ತುಂಬಿದ ಮಾತ್ರಕ್ಕೆ ಎಲ್ಲರ ಗದ್ದೆಯೂ ತುಂಬುವುದಿಲ್ಲ. ಲಕ್ಕವಳ್ಳಿಯಿಂದ ಹೊರಟ ಬಲದಂಡೆ ನಾಲೆ ದಾರಿಯಲ್ಲಿ ದಾವಣಗೆರೆ ಶಾಖಾ ನಾಲೆ, ಮಲೇಬೆನ್ನೂರು ಶಾಖಾ ನಾಲೆ, ಆನ್ವೇರಿ ಶಾಖಾ ನಾಲೆ ಅಂತ ಒಡೆದು, ಆಮೇಲೆ ಉಪನಾಲೆ, ತೂಬು, ಹೊಲಗಾಲುವೆ ಅಂತ ಸಣ್ಣದಾಗುತ್ತ ಬರುತ್ತದೆ. ಮೇಲಿನವರು ಒಂದೊಂದು ಕೊಡ ಹೆಚ್ಚು ತೆಗೆದರೂ ಕೊನೆಯವನಿಗೆ ಬರುವುದು ಒಣ ಕಾಲುವೆ. ಪ್ರತಿ ವರ್ಷ ಪತ್ರಿಕೆಯಲ್ಲಿ "ಕೊನೆ ಭಾಗದ ರೈತರ ಪ್ರತಿಭಟನೆ" ಅಂತ ಓದುತ್ತೀರಲ್ಲ, ಅವರ ಸಂಕಟ ಅದು. ನಮ್ಮ ಅಪ್ಪನ ಒಂದೂಕಾಲು ಎಕರೆಯೂ ಅಂಥ ಕೊನೆಯಲ್ಲೇ ಇತ್ತು.

ನಾಲೆಗೆ ಒಬ್ಬ ಸೌಡಿ ಇದ್ದ. ಹಳೆ ಕಾಲದಲ್ಲಿ ಕೆರೆಗೆ ನೀರುಗಂಟಿ ಇದ್ದ ಹಾಗೆ, ನಾಲೆಗೆ ಸೌಡಿ. ದಿನಗೂಲಿಯ ಮನುಷ್ಯ. ಮೊಣಕಾಲ ತನಕ ಮಡಚಿದ ಪಂಚೆ, ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬ್ಯಾಟರಿ. ಓದು ಬರಹ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದ. ನಾವೆಲ್ಲ ಅವನನ್ನು ಸೌಡಿ ಅಜ್ಜ ಅಂತಲೇ ಕರೆಯುತ್ತಿದ್ದೆವು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ರಾತ್ರಿ ಪಾಳಿಗೆ ಅಪ್ಪನ ಜೊತೆ ಗದ್ದೆಗೆ ಹೋಗುತ್ತಿದ್ದೆ. ಆಗ ಕಂಡ ಒಂದು ಸಂಗತಿ ಹೇಳುತ್ತೇನೆ.

ಒಂದು ರಾತ್ರಿ ನಮ್ಮ ಪಾಳಿ ಬಂದರೂ ನೀರು ಬರಲಿಲ್ಲ. ಅಪ್ಪ, ನಾನು, ಇನ್ನಿಬ್ಬರು ಕಾಲುವೆ ಏರಿ ಮೇಲೆ ಹತ್ತಿ ಹೋದೆವು. ಮೇಲಿನ ತೂಬಿನ ಹತ್ತಿರ ಯಾರೋ ಹುಲ್ಲು ತುಂಬಿದ ಚೀಲ, ಕಲ್ಲು ಅಡ್ಡ ಹಾಕಿ ನೀರನ್ನೆಲ್ಲ ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದರು. ಆ ಗದ್ದೆ ಯಾರದು? ಸೌಡಿ ಅಜ್ಜನ ಸ್ವಂತ ಭಾವನದು, ಹೆಂಡತಿಯ ಅಣ್ಣನದು. ನಮ್ಮ ಜೊತೆ ಬಂದವರಲ್ಲಿ ಒಬ್ಬರು "ಇನ್ನು ನೀರು ಬಂದಂಗೇ, ನಡೀರಿ ಮನೀಗೆ" ಅಂದರು. ಅಷ್ಟರಲ್ಲಿ ಸೌಡಿ ಅಜ್ಜ ಬ್ಯಾಟರಿ ಬಿಟ್ಟುಕೊಂಡು ಬಂದ. ಒಂದು ಮಾತೂ ಆಡದೆ ನೀರಿಗಿಳಿದು ಚೀಲ ಎಳೆದು ದಡಕ್ಕೆ ಹಾಕಿದ. ಭಾವ ಅಲ್ಲೇ ನಿಂತಿದ್ದರು. ಅಜ್ಜ ಅವರಿಗೆ ಹೇಳಿದ್ದು ಇಷ್ಟೇ: "ಭಾವಾ, ಊಟಕ್ಕೆ ಯಾವತ್ತರ ಬಾ, ಎಲೆ ಹಾಕ್ತೀನಿ. ನೀರಿನ ಮಾತು ಮಾತ್ರ ಎತ್ತಬ್ಯಾಡ."

ಬೈಯಲಿಲ್ಲ, ಕೂಗಾಡಲಿಲ್ಲ. ಆದರೆ ಆ ವರ್ಷ ಆ ತೂಬಿಗೆ ಮತ್ತೆ ಯಾರೂ ಕಲ್ಲು ಹಾಕಲಿಲ್ಲ. ಸ್ವಂತ ಭಾವನಿಗೇ ಬಿಡದವನು ನಮ್ಮನ್ನು ಬಿಡುತ್ತಾನೆಯೇ ಅಂತ ಎಲ್ಲರಿಗೂ ಅರ್ಥವಾಗಿತ್ತು.

ಅವನದು ಇನ್ನೊಂದು ಅಭ್ಯಾಸ ಇತ್ತು. ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದು "ಏನಪ್ಪಾ, ನೀರು ಬಿಟ್ಟಾಯ್ತಾ?" ಅಂತ ಕೇಳಿದರೆ, ಗೇಟು ತಾನೇ ಎತ್ತಿದ್ದರೂ ಹೂಂ ಅನ್ನುತ್ತಿರಲಿಲ್ಲ. "ಕೊನೇ ಗದ್ದೆ ನೋಡ್ಕಂಡು ಬಂದು ಹೇಳ್ತೀನಿ ಸ್ವಾಮಿ" ಅನ್ನುತ್ತಿದ್ದ. ಎರಡು ಮೈಲಿ ನಡೆದು ಹೋಗಿ, ಕೊನೇ ಗದ್ದೆಯ ಬದುವಿನ ಮೇಲೆ ನಿಂತು, ನೀರಿಗೆ ಕಾಲು ಅದ್ದಿ, ವಾಪಸ್ಸು ಬಂದ ಮೇಲೆಯೇ "ಬಿಟ್ಟಾಯ್ತು" ಅನ್ನುವ ಮಾತು. ಗೇಟು ಎತ್ತುವುದು ಬೇರೆ, ನೀರು ಮುಟ್ಟುವುದು ಬೇರೆ ಅಂತ ಆ ಮನುಷ್ಯನಿಗೆ ಗೊತ್ತಿತ್ತು. ನನಗೆ ಅದು ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು.

ನಮ್ಮ ತಾಲ್ಲೂಕಿಗೆ ನೀರಿನ ಪಾಠ ಹೊಸದಲ್ಲ. ಸೂಳೆಕೆರೆ ಏರಿ ಮೇಲೆ ನೀವೆಲ್ಲ ಪ್ರವಾಸಕ್ಕೆ ಹೋಗಿ ಬಂದಿದ್ದೀರಿ. ಈಗ ಶಾಂತಿಸಾಗರ ಅನ್ನುತ್ತೇವೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನೂರಾರು ವರ್ಷಗಳೇ ಕಳೆದಿವೆ. ಶಾಂತವ್ವ ಕಟ್ಟಿಸಿದಳು ಅಂತ ಜನ ಕಥೆ ಹೇಳುತ್ತಾರೆ. ಅದರ ಎರಡು ನಾಲೆಗಳಿಗೆ ಸಿದ್ಧನಾಲೆ, ಬಸವನಾಲೆ ಅಂತ ಹೆಸರು. ಅದೇ ನೀರು ಇವತ್ತು ಚಿತ್ರದುರ್ಗದ ನಲ್ಲಿಗೂ ಹೋಗುತ್ತದೆ. ಕಟ್ಟಿಸಿದವಳು ಯಾವ ಸಭೆಯಲ್ಲಿ ಏನು ಮಾತಾಡಿದಳು, ಯಾರಿಗೂ ನೆನಪಿಲ್ಲ. ಏರಿ ನಿಂತಿದೆ, ನೀರು ಹರಿಯುತ್ತಿದೆ, ಅವಳ ಹೆಸರು ಉಳಿದಿದೆ.

ಇನ್ನು ಹೊನ್ನಾಳಿಗೆ ಹೋಗೋಣ. ಅಲ್ಲಿ ನಾನು ಸಹಶಿಕ್ಷಕನಾಗಿ ಕೆಲಸ ಮಾಡುತ್ತಿದ್ದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗಿ ಹೊನ್ನಾಳಿ ಪಕ್ಕದಲ್ಲೇ ಹರಿಯುತ್ತಾಳೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಉಸ್ತುವಾರಿ ನನಗೆ ಬಿತ್ತು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಇದು ನಿಯಮ. ಒಳ್ಳೆಯ ನಿಯಮ. ನಾನು ಏನು ಮಾಡುತ್ತಿದ್ದೆ? ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗಲೇ ಇದಕ್ಕೂ ಹಾಕಿಬಿಡುತ್ತಿದ್ದೆ. "ಅನ್ನ ಸಾಂಬಾರ್, ರುಚಿ ಉತ್ತಮ, ಗುಣಮಟ್ಟ ಉತ್ತಮ." ಕೆಲಸ ಮುಗಿಯಿತು.

ಒಂದು ದಿನ ಮುಖ್ಯ ಅಡುಗೆಯಮ್ಮ ತರಕಾರಿ ಹೆಚ್ಚುತ್ತ ಕೂತಿದ್ದವರು ಪುಸ್ತಕ ನೋಡಿ ನಗುತ್ತ ಕೇಳಿದರು: "ಸಾರ್, ನಾನಿನ್ನೂ ಸ್ಟವ್ ಹಚ್ಚಿಲ್ಲ. ನೀವಾಗ್ಲೇ ರುಚಿ ಚೆನ್ನಾಗೈತೆ ಅಂತ ಬರ್ದೀರಲ್ಲ!"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಚುರುಕ್ ಎಂದಿತು. ಅವತ್ತಿನಿಂದ ಒಂದು ತುತ್ತು ತಿನ್ನದೆ ಸಹಿ ಹಾಕಲಿಲ್ಲ. ತಿನ್ನಲು ಶುರು ಮಾಡಿದ ಮೇಲೆ ತಿಳಿಯಿತು, ಬೇಳೆ ಎಂದು ಬೇಯುವುದಿಲ್ಲ, ಉಪ್ಪು ಎಂದು ಹೆಚ್ಚಾಗುತ್ತದೆ, ಕೊನೇ ಸಾಲಿನಲ್ಲಿ ಕೂತ ಮಕ್ಕಳ ತಟ್ಟೆಗೆ ತರಕಾರಿ ಬೀಳುತ್ತದೋ ಬರೀ ನೀರು ಬೀಳುತ್ತದೋ ಅಂತ. ಸಹಿ ಎಂದರೆ "ನಾನು ನೋಡಿದ್ದೇನೆ" ಅನ್ನುವ ಮಾತು. ನೋಡದೆ ಹಾಕಿದರೆ ಅದು ಅಕ್ಷರದಲ್ಲಿ ಹೇಳಿದ ಸುಳ್ಳು. ದೊಡ್ಡ ಸುಳ್ಳನ್ನು ಯಾರೂ ಒಂದೇ ದಿನಕ್ಕೆ ಹೇಳುವುದಿಲ್ಲ. ಇಂಥ ಸಣ್ಣ ಸಹಿಗಳಲ್ಲಿ ಕೈ ಪಳಗುತ್ತದೆ.

ಅದೇ ಅಡುಗೆಯಮ್ಮನ ಇನ್ನೊಂದು ದಿನದ ಕಥೆ. ಅವತ್ತು ಸಾಂಬಾರ್ ತಳ ಹತ್ತಿತ್ತು, ಸೀದ ವಾಸನೆ. ಅಡುಗೆಯವರಿಗೆ ಇಂಥ ದಿನ ಭಯ ಇರುತ್ತದೆ, ಯಾರು ಎಲ್ಲಿ ದೂರು ಕೊಡುತ್ತಾರೋ ಅಂತ. ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿ ಮುಚ್ಚಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. ಮಕ್ಕಳು ಕೂತ ಮೇಲೆ ಸೌಟು ಹಿಡಿದುಕೊಂಡು ಮುಂದೆ ನಿಂತು ಹೇಳಿದರು: "ಮಕ್ಳಾ, ಇವತ್ತು ಸಾಂಬಾರ್ ತಳ ಹತ್ತೈತೆ. ತಪ್ಪು ನಂದು. ಮೇಲಿಂದು ತೆಗ್ದು ಬೇರೆ ಮಾಡೀನಿ. ಯಾರಿಗೆ ಹಿಡಿಸಲ್ವೋ ಮಜ್ಜಿಗೆ ಐತೆ, ಹಾಕ್ಸಿಕೊಳ್ರಿ." ಮಜ್ಜಿಗೆ ಅವರ ಮನೆಯಿಂದಲೇ ತಂದದ್ದು. ಒಂದು ಮಗುವೂ ಮುಖ ಸಿಂಡರಿಸಲಿಲ್ಲ. ಒಬ್ಬ ಹುಡುಗ "ಪರವಾಗಿಲ್ಲ ಬಿಡಿ ಆಂಟಿ, ನಮ್ಮನೇಲೂ ಹಿಂಗೇ ಆಗುತ್ತೆ" ಅಂದ. ಬಿಎಡ್ ತರಗತಿಯಲ್ಲಿ ನಾನು ಕಲಿಯದ ಪಾಠ ಇದು. ತಪ್ಪನ್ನು ಮುಚ್ಚಿಟ್ಟವರನ್ನು ಮಕ್ಕಳು ಮೂಸಿ ಕಂಡುಹಿಡಿಯುತ್ತಾರೆ. ಒಪ್ಪಿಕೊಂಡವರ ಜೊತೆ ಕೂತು ಉಣ್ಣುತ್ತಾರೆ.

ಮುಂದೆ ನ್ಯಾಮತಿ ಕಡೆಗೆ ವರ್ಗವಾಯಿತು. ನಾನಿದ್ದಾಗ ಅದು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಆ ಕಡೆಯದೇ. ಪ್ರತಿ ಫೆಬ್ರವರಿಯಲ್ಲಿ ಜಯಂತಿಗೆ ಬಂಜಾರ ಜನ ಬೇರೆ ಬೇರೆ ರಾಜ್ಯಗಳಿಂದ ಬರುತ್ತಾರೆ, ಎಷ್ಟೋ ಜನ ನಡೆದೇ ಬರುತ್ತಾರೆ. ನನ್ನ ಶಾಲೆಗೆ ಸುತ್ತಲಿನ ತಾಂಡಾಗಳಿಂದ ಬಹಳ ಮಕ್ಕಳು ಬರುತ್ತಿದ್ದರು. ಒಂದೇ ತೊಂದರೆ ಎಂದರೆ ಸುಗ್ಗಿ ಮುಗಿದ ಮೇಲೆ ತಾಂಡಾದ ಜನ ಗುಳೆ ಹೊರಡುತ್ತಾರೆ. ಕೆಲವರು ಕಾಫಿ ಬಿಡಿಸಲು ಮಲೆನಾಡಿಗೆ, ಕೆಲವರು ಕಬ್ಬು ಕಡಿಯಲು. ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಡಿಸೆಂಬರಿನಲ್ಲಿ ಖಾಲಿಯಾದ ಬೆಂಚು ಮಾರ್ಚ್ ಪರೀಕ್ಷೆ ಹತ್ತಿರ ಬಂದರೂ ತುಂಬುತ್ತಿರಲಿಲ್ಲ.

ತಾಂಡಾದಲ್ಲಿ ನಾಯಕ, ಡಾವ್, ಕಾರಭಾರಿ ಅಂತ ಹಿಂದಿನಿಂದ ಬಂದ ವ್ಯವಸ್ಥೆ ಇದೆ. ನ್ಯಾಯ ನಿರ್ಣಯ, ಮದುವೆ, ಹಬ್ಬ ಎಲ್ಲಕ್ಕೂ ಅವರು ಮುಂದೆ ನಿಲ್ಲುತ್ತಾರೆ. ನಾನು ಒಂದು ತಾಂಡಾದ ನಾಯಕರ ಹತ್ತಿರ ಹೋಗಿ ದೊಡ್ಡ ಭಾಷಣವನ್ನೇ ಮಾಡಿದೆ. ಶಿಕ್ಷಣದ ಮಹತ್ವ, ಭವಿಷ್ಯ, ಕಾನೂನು, ಎಲ್ಲ ಹೇಳಿದೆ. ಅವರು ಬೀಡಿ ಆರಿಸಿ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಅಂದರು: "ಮೇಷ್ಟ್ರೇ, ನೀವು ಹೇಳೋದು ಸರಿ. ಆದ್ರೆ ನನ್ ಮೊಮ್ಮಗಳೇ ಕಾಫಿ ತೋಟಕ್ಕೆ ಹೊರಟಾಳೆ. ಅವಳನ್ನ ಕಳಿಸಿ, ಬೇರೆಯವರಿಗೆ ಮಕ್ಳನ್ನ ಬಿಡ್ರಿ ಅಂತ ನಾನು ಹೆಂಗೆ ಹೇಳ್ಲಿ? ಮೊದ್ಲು ಅವಳನ್ನ ನಿಲ್ಲಿಸ್ತೀನಿ. ಆಮೇಲೆ ಪಂಚಾಯ್ತಿ ಕರೀತೀನಿ."

ನಾನು ಮಾತಿನ ಬಲದಿಂದ ಮಾಡಲು ಹೊರಟ ಕೆಲಸವನ್ನು ಅವರು ಮನೆಯಿಂದ ಶುರು ಮಾಡಿದರು. ಮಗ ಸೊಸೆ ಒಪ್ಪಲಿಲ್ಲವಂತೆ, ದುಡಿಯುವ ಕೈ ಒಂದು ಕಡಿಮೆಯಾಗುತ್ತದೆ ಅಂತ. ಆ ದುಡ್ಡು ನಾನು ಕೊಡುತ್ತೇನೆ ಅಂತ ಒಂದು ಮೇಕೆ ಮಾರಿದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ಬಹಳ ದಿನದ ಮೇಲೆ ಆ ಹುಡುಗಿಯೇ ಹೇಳಿದಳು. ಪಂಚಾಯಿತಿ ಸೇರಿದ ದಿನ ಅವರು ಹೆಚ್ಚು ಮಾತಾಡಲಿಲ್ಲ. "ನಮ್ಮುಡುಗಿ ಇಲ್ಲೇ ಇರ್ತಾಳೆ. ಅಜ್ಜಿ ಅನ್ನ ಮಾಡಾಕ್ತಾಳೆ. ಇನ್ಯಾರ್ ಮಕ್ಳು ಬೇಕಾದ್ರೂ ನಮ್ಮನೇಲಿ ಇರಬಹುದು" ಅಂದರು. ಆ ವರ್ಷ ಹನ್ನೊಂದು ಮಕ್ಕಳು ತಾಂಡಾದಲ್ಲೇ ಉಳಿದರು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅಂತ ನಾವು ಗಾದೆ ಹೇಳಿ ನಗುತ್ತೇವೆ. ಹೇಳುವುದೂ ತಿನ್ನುವುದೂ ಒಂದೇ ಆದರೆ ಏನಾಗುತ್ತದೆ ಅಂತ ನಾನು ಅಲ್ಲಿ ಕಂಡೆ.

ಒಳಗೂ ಹೊರಗೂ ಒಂದೇ ಆಗಿರುವುದು ಸಣ್ಣ ಊರಿನವರಿಗೆ ಮಾತ್ರ ಸಾಧ್ಯ, ದೊಡ್ಡ ಜಾಗಕ್ಕೆ ಹೋದರೆ ವೇಷ ಬದಲಿಸಲೇಬೇಕು ಅಂತ ಕೆಲವು ಮಕ್ಕಳು ಕೇಳುತ್ತಾರೆ. ಅವರಿಗೆ ನಾನು ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರ ವಿಷಯ ಹೇಳುತ್ತೇನೆ. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದರು. ಕಾನೂನು ಓದಿದವರು, ಇಂಗ್ಲಿಷ್ ಬಾರದವರಲ್ಲ. ಆದರೂ ದಿಲ್ಲಿಯ ಆ ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಮೊದಲು ಕನ್ನಡ ಕೇಳಿಸಿದ್ದು ಅವರ ಬಾಯಿಂದ. ಕಾರಿಗನೂರಿನ ಕಟ್ಟೆಯ ಮೇಲೆ ಆಡುವ ಭಾಷೆಯನ್ನು ಅಲ್ಲಿಯೂ ಆಡಿದರು. ಮುಂದೆ ಮುಖ್ಯಮಂತ್ರಿಯಾದಾಗ 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ನಮ್ಮ ದಾವಣಗೆರೆ ಅದರಲ್ಲಿ ಒಂದು. ಅಲ್ಲಿಯ ತನಕ ಚನ್ನಗಿರಿ, ಹೊನ್ನಾಳಿಯವರು ಜಿಲ್ಲಾ ಕಚೇರಿಗೆ ಶಿವಮೊಗ್ಗಕ್ಕೆ ಹೋಗಬೇಕಿತ್ತು, ಜಗಳೂರಿನವರು ಚಿತ್ರದುರ್ಗಕ್ಕೆ. ಅವರ ರಾಜಕೀಯವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದು ಬೇರೆ ಮಾತು. ದೊಡ್ಡ ಜಾಗಕ್ಕೆ ಹೋದೆ ಅಂತ ತನ್ನ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಹೋಗಲಿಲ್ಲ ಅನ್ನುವುದಷ್ಟೇ ನಾನು ಹೇಳುತ್ತಿರುವುದು.

ಈಗ ಜಗಳೂರು. ನಾನು ಹೇಳಬೇಕಾದ, ಹೇಳಲು ಕಷ್ಟವಾಗುವ ಮಾತು ಇಲ್ಲಿದೆ.

ಬಡ್ತಿ ಸಿಕ್ಕಿ ಮುಖ್ಯೋಪಾಧ್ಯಾಯನಾಗಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಬರದ ಸೀಮೆ. ಭದ್ರಾ ನೀರಿನಲ್ಲಿ ಬೆಳೆದ ನನಗೆ ಅಲ್ಲಿ ನೀರಿನ ಲೆಕ್ಕವೇ ಬೇರೆ ಅಂತ ಮೊದಲ ವಾರವೇ ತಿಳಿಯಿತು. ನಮ್ಮಲ್ಲಿ ಅಡಿ, ಟಿಎಂಸಿ. ಅಲ್ಲಿ ಕೊಡ. ಟ್ಯಾಂಕರ್ ಬಂದ ದಿನ ಮಕ್ಕಳು ಶಾಲೆಗೆ ತಡವಾಗಿ ಬರುತ್ತಿದ್ದರು. ಕೇಳಿದರೆ "ನೀರಿಗೆ ನಿಂತಿದ್ವಿ ಸಾರ್." ಈಗ ತುಂಗಭದ್ರೆಯಿಂದ ನೀರೆತ್ತಿ ಆ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಂದಿದೆ, ಬಹಳ ಸಂತೋಷದ ವಿಷಯ. ನಾನಿದ್ದ ಕಾಲಕ್ಕೆ ಕೆರೆ ಎಂದರೆ ಹುಡುಗರು ಕ್ರಿಕೆಟ್ ಆಡುವ ಬಯಲು. ಮಕ್ಕಳು ಮಾತ್ರ ಬಂಗಾರ. ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಯ ಹಾಗೆ, ಸಿಕ್ಕಿದ್ದರಲ್ಲೇ ಬದುಕುವ ಗಟ್ಟಿ ಜೀವಗಳು.

ಹೊಸ ಮುಖ್ಯೋಪಾಧ್ಯಾಯ, ಹೆಸರು ಮಾಡಬೇಕು ಅನ್ನುವ ಹಂಬಲ. ಎಲ್ಲ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶದ್ದೇ ಮಾತು. ಶೇಕಡಾ ಎಷ್ಟು? ನಿಮ್ಮ ಶಾಲೆ ಎಷ್ಟನೆಯದು? ನಾನು ಒಂದು ಲೆಕ್ಕ ಹಾಕಿದೆ. ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಜನ ಹೇಗಾದರೂ ಪಾಸಾಗುತ್ತಾರೆ. ಇಬ್ಬರು ಆಗುವುದಿಲ್ಲ. ಅದರಲ್ಲಿ ಒಬ್ಬಳು ಮದುವೆಯಾಗಿ ತಾನೇ ಹೋದಳು. ಅದನ್ನು ತಡೆಯಲೂ ನಾನು ಕಾಲು ಎತ್ತಲಿಲ್ಲ ಅನ್ನುವುದು ಬೇರೆ ಪಾಪ. ಉಳಿದವನು ಒಬ್ಬ ಹುಡುಗ. ಗಣಿತ, ಇಂಗ್ಲಿಷ್ ಎರಡೂ ಬರುತ್ತಿರಲಿಲ್ಲ. ಆದರೆ ದಿನವೂ ಬರುತ್ತಿದ್ದ. ಗಿಡಗಳಿಗೆ ನೀರು ಹಾಕುವುದು, ಬೋರ್ಡು ಒರೆಸುವುದು, ಕೆಟ್ಟ ಸ್ವಿಚ್ಚು ಸರಿ ಮಾಡುವುದು ಎಲ್ಲ ಅವನೇ. ನಾನು ಅವನ ಅಪ್ಪನನ್ನು ಕರೆಸಿ ಹೇಳಿದೆ: "ನೋಡಪ್ಪಾ, ಈ ವರ್ಷ ಬೇಡ. ಫೇಲಾದರೆ ಹುಡುಗನ ಮನಸ್ಸಿಗೆ ಬೇಜಾರಾಗುತ್ತೆ. ಟಿಸಿ ತಗೊಂಡು ಹೋಗು. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಿಸೋಣ." ಅಪ್ಪ ಕೈ ಮುಗಿದು ಹೆಬ್ಬೆಟ್ಟು ಒತ್ತಿ ಟಿಸಿ ತೆಗೆದುಕೊಂಡು ಹೋದ. ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಅವನು ನನ್ನನ್ನು ಏನೂ ಕೇಳಲಿಲ್ಲ.

ಮೂವತ್ತೆಂಟಕ್ಕೆ ಮೂವತ್ತೆಂಟು. ಶೇಕಡಾ ನೂರು. ಸಭೆ ಮಾಡಿ ನನಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಭಾಷಣ ಮಾಡಿದೆ. ಏನು ಮಾತಾಡಿದೆ ಗೊತ್ತೇ? "ಪ್ರತಿಯೊಂದು ಮಗುವೂ ನಮಗೆ ಮುಖ್ಯ" ಅಂತ.

ಅದಾಗಿ ಆರು ತಿಂಗಳಿಗೆ ಸಂತೆಯಲ್ಲಿ ಆ ಹುಡುಗನ ಅಪ್ಪ ಸಿಕ್ಕ. ಬೈಯುತ್ತಾನೆ ಅಂತ ನಾನು ಮುಖ ತಿರುಗಿಸಿದೆ. ಅವನೇ ಓಡಿ ಬಂದು ನಮಸ್ಕಾರ ಮಾಡಿ, ಈರುಳ್ಳಿ ಚೀಲ ನನ್ನ ಸ್ಕೂಟರಿಗೆ ಕಟ್ಟಿಕೊಟ್ಟ. ಹುಡುಗ ಏನು ಮಾಡುತ್ತಿದ್ದಾನೆ ಅಂತ ಕೇಳಿದೆ. "ಬೋರ್‌ವೆಲ್ ಲಾರೀಲಿ ಹೋಗ್ಯಾನ್ ಸಾರ್, ಎಲ್ಲೆಲ್ಲೋ ತಿರುಗ್ತಾನೆ. ನಮ್ಮುಡುಗಂಗೆ ಓದು ಹತ್ತಲ್ಲ ಅಂತ ನೀವು ಮೊದ್ಲೇ ಹೇಳಿದ್ದು ಒಳ್ಳೇದಾತು. ನಿಮ್ಗೆ ತಿಳೀದೇ ಇರುತ್ತಾ?" ಅಂದ.

ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ನಂಬಿದ್ದ. ಮೇಷ್ಟ್ರು ಹೇಳಿದರು, ಅಲ್ಲಿಗೆ ಮುಗಿಯಿತು. ಮಗನ ತಲೆಯ ಬಗ್ಗೆ ಅವನಿಗಿದ್ದ ಆಸೆಯನ್ನು ನಾನು ಒಂದು ಸಹಿಯಿಂದ ಅಳಿಸಿದ್ದೆ, ಅದಕ್ಕೆ ಅವನು ಕೃತಜ್ಞತೆ ಹೇಳುತ್ತಿದ್ದ. ಮನೆಗೆ ಬಂದರೂ ಅನ್ನ ಇಳಿಯಲಿಲ್ಲ. ಆ ರಾತ್ರಿ ಎಷ್ಟೋ ವರ್ಷದ ಮೇಲೆ ಸೌಡಿ ಅಜ್ಜ ನೆನಪಾದ. ಕೊನೇ ಗದ್ದೆ ನೋಡಿಕೊಂಡು ಬಂದು ಹೇಳ್ತೀನಿ ಸ್ವಾಮಿ. ನಾನು ಮಾಡಿದ್ದೇನು? ಕೊನೇ ಗದ್ದೆಯನ್ನು ನಕ್ಷೆಯಿಂದಲೇ ಅಳಿಸಿ, ನಾಲೆ ಪೂರ್ತಿ ನೀರು ಹರಿದಿದೆ ಅಂತ ವರದಿ ಬರೆದೆ.

ಆಮೇಲೆ ಹುಡುಗನನ್ನು ಹುಡುಕಿಕೊಂಡು ಹೋದೆ. ಒಂದು ಹಬ್ಬಕ್ಕೆ ಊರಿಗೆ ಬಂದಿದ್ದ. ಮತ್ತೆ ಪರೀಕ್ಷೆ ಕಟ್ಟು, ಫೀಸು ನಾನು ಕಟ್ಟುತ್ತೇನೆ, ನಾನೇ ಪಾಠ ಹೇಳುತ್ತೇನೆ ಅಂದೆ. ನಕ್ಕ. "ಈಗ ಯಾಕ್ ಬಿಡಿ ಸಾರ್" ಅಂದ. ಅಷ್ಟೇ. ಎಲ್ಲ ಕಥೆಗೂ ಒಳ್ಳೆಯ ಕೊನೆ ಇರುವುದಿಲ್ಲ ಮಕ್ಕಳೇ. ಅವನು ದುಡಿದು ತಿನ್ನುತ್ತಿದ್ದಾನೆ, ಯಾರ ಮುಂದೆಯೂ ಕೈ ಚಾಚಿಲ್ಲ. ಆದರೆ ಅವನಿಗೆ ಸಿಗಬೇಕಾಗಿದ್ದ ಒಂದು ಅವಕಾಶವನ್ನು ನನ್ನ ಶಾಲಿನ ಆಸೆಗೆ ನಾನು ತೆಗೆದುಕೊಂಡೆ. ಅದು ಹಿಂದಿರುಗಿಸಲು ಆಗದ ಸಾಲ.

ಮರುವರ್ಷ ಹೆಸರು ದಾಖಲಾದ ಒಂದು ಮಗುವನ್ನೂ ಬಿಡದೆ ಪರೀಕ್ಷೆಗೆ ಕೂರಿಸಿದೆ. ನಲವತ್ತೊಂದು ಜನ ಬರೆದರು, ಮೂವತ್ತನಾಲ್ಕು ಜನ ಪಾಸಾದರು. ನೂರು ಇದ್ದದ್ದು ಎಂಬತ್ತಮೂರಕ್ಕೆ ಇಳಿಯಿತು. ಮೇಲಿನವರು ಕಾರಣ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸನ್ಮಾನ ಇರಲಿಲ್ಲ, ಪೇಟ ಇರಲಿಲ್ಲ. ಫೇಲಾದ ಏಳು ಮಕ್ಕಳನ್ನು ಮರುದಿನವೇ ಕರೆಸಿ ಪೂರಕ ಪರೀಕ್ಷೆಗೆ ಪಾಠ ಶುರು ಮಾಡಿದೆವು, ನಾಲ್ಕು ಜನ ದಾಟಿದರು. ಪಾಸಾದವರಲ್ಲಿ ಇಬ್ಬರು ಯಾರು ಗೊತ್ತೇ? ಹಿಂದಿನ ಲೆಕ್ಕದ ಪ್ರಕಾರ ನಾನು ಟಿಸಿ ಕೊಟ್ಟು ಕಳಿಸಿಬಿಡುತ್ತಿದ್ದ ಮಕ್ಕಳು. ಅವತ್ತಿನ ನಿದ್ದೆ ಶೇಕಡಾ ನೂರು ಬಂದ ದಿನ ಬಂದಿರಲಿಲ್ಲ.

ನಾನು ಕಲಿತದ್ದನ್ನು ಒಟ್ಟು ಮಾಡಿ ಹೇಳುವುದಾದರೆ, ನಾಯಕ ಎಂದರೆ ನಾಲೆಯ ಬಾಯಲ್ಲಿ ನಿಂತು ಕೈ ಬೀಸುವವನಲ್ಲ, ಕೊನೇ ಗದ್ದೆಯ ತನಕ ನಡೆದು ಹೋಗಿ ನೋಡಿ ಬರುವವನು. ನೋಡಿದ್ದನ್ನೇ ಹೇಳುವವನು. ಅದಕ್ಕೆ ಹುದ್ದೆ ಬೇಕಾಗಿಲ್ಲ. ಸೌಡಿ ಅಜ್ಜನಿಗೆ ಇದ್ದದ್ದು ದಿನಗೂಲಿ, ಅಡುಗೆಯಮ್ಮನಿಗೆ ತಿಂಗಳ ಗೌರವಧನ. ನನಗೆ ಇದ್ದದ್ದು ಕುರ್ಚಿ, ಸೀಲು, ಸಹಿ. ಎಡವಿದ್ದು ನಾನು.

ಮಕ್ಕಳೇ, ನಿಮ್ಮಲ್ಲಿ ತರಗತಿ ಲೀಡರ್‌ಗಳಿದ್ದೀರಿ, ಶಾಲಾ ಸಂಸತ್ತಿನ ಮಂತ್ರಿಗಳಿದ್ದೀರಿ. ನಾಳೆಯಿಂದ ಒಂದು ಕೆಲಸ ಮಾಡಿ. ತರಗತಿಯಲ್ಲಿ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಮೊದಲು, ಮೂರು ದಿನದಿಂದ ಬಾರದವರು ಯಾರು ಅಂತ ನೋಡಿ. ಅವರ ಮನೆಗೆ ಹೋಗಿ ಬನ್ನಿ. ಕಬಡ್ಡಿ ತಂಡದ ಕ್ಯಾಪ್ಟನ್ ಆದವರು ಆಟ ಮುಗಿದ ಮೇಲೆ ಬಾಟಲಿಯ ನೀರು ಕೊನೆಯ ಆಟಗಾರನಿಗೆ ಸಿಕ್ಕಿತೇ ಅಂತ ನೋಡಿ ನೀವು ಕುಡಿಯಿರಿ. ತಪ್ಪಾದರೆ ಹೇಳಿಬಿಡಿ, ಕೊತ್ತಂಬರಿ ಸೊಪ್ಪು ಉದುರಿಸಬೇಡಿ. ಇದನ್ನು ಮಾಡುತ್ತ ಬೆಳೆದವರಿಗೆ ನಾಯಕತ್ವದ ಮೇಲೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕೊನೆಯದಾಗಿ ಸಂಘಟಕರಿಗೆ ಒಂದು ಮಾತು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಇವತ್ತು ಬೆಳಿಗ್ಗೆ ತಿಂಡಿಗೆ ಹೋದಾಗ ಒಲೆ ಮುಂದೆ ನಿಂತು ಉಪ್ಪಿಟ್ಟು ತಿರುವುತ್ತಿದ್ದವನ ಮುಖ ಎಲ್ಲೋ ನೋಡಿದ ಹಾಗಿತ್ತು. ಅವನೇ ಗುರುತು ಹಿಡಿದು "ಏನಲೇ, ಆರಾಮಾ?" ಅಂದ. ಎಂಟನೇ ತರಗತಿಯಲ್ಲಿ ನನ್ನ ಪಕ್ಕ ಕೂತವನು. ಗಂಟೆ ಹೊಡೆಯುವ ಜಗಳದಲ್ಲಿ ಯಾವಾಗಲೂ ಗೆಲ್ಲುತ್ತಿದ್ದವನು. ಬಾ, ಮುಂದೆ ಕೂತುಕೋ, ಇವತ್ತು ಹಳೇ ವಿದ್ಯಾರ್ಥಿಗಳ ಸಭೆ ಅಂದೆ. ಅವನು ಸೌಟು ಕೆಳಗಿಡದೇ ಹೇಳಿದ: "ನಾನೆಲ್ಲಿ ಹಳೇ ವಿದ್ಯಾರ್ಥಿನಲೇ, ಒಂಬತ್ತಕ್ಕೇ ಬಿಟ್ಟೋನು. ನಂಗೆ ಕಾಗದ ಬಂದಿಲ್ಲ."

ಆಮಂತ್ರಣ ಪತ್ರ ಯಾರಿಗೆ ಹೋಗಿದೆ ಅಂತ ಆಮೇಲೆ ವಿಚಾರಿಸಿದೆ. ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿ ನೋಡಿ ಕಳಿಸಿದ್ದಾರೆ. ಯಾರೂ ಬೇಕೆಂದು ಮಾಡಿದ್ದಲ್ಲ. ನಾನೂ ಬೇಕೆಂದು ಮಾಡಿದ್ದಲ್ಲ ಅಂತಲೇ ಅಂದುಕೊಂಡಿದ್ದೆ. ಆದರೆ ಈ ಶಾಲೆಯ ಕಪಾಟಿನಲ್ಲಿ ಇನ್ನೊಂದು ಪುಸ್ತಕ ಇದೆ, ದಾಖಲಾತಿ ಪುಸ್ತಕ. ಐವತ್ತು ವರ್ಷಗಳಲ್ಲಿ ಈ ಬಾಗಿಲಲ್ಲಿ ಒಳಗೆ ಬಂದ ಪ್ರತಿಯೊಬ್ಬರ ಹೆಸರೂ ಅದರಲ್ಲಿದೆ. ಫೇಲಾದವರು, ಮದುವೆಯಾಗಿ ಹೋದವರು, ಗುಳೆ ಹೋದವರು, ದನ ಕಾಯಲು ನಿಂತವರು ಎಲ್ಲರೂ ಅದರಲ್ಲಿದ್ದಾರೆ. ನಮ್ಮ ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಆ ಪುಸ್ತಕ ತೆಗೆಯಿರಿ. ಹೆಚ್ಚು ಅಂಕ ಪಡೆದವರ ಪಟ್ಟಿ ಹಾಕಿ, ಅವರ ಶ್ರಮ ದೊಡ್ಡದು. ಅದರ ಜೊತೆಗೆ ಈ ಎಲ್ಲ ಹೆಸರುಗಳನ್ನೂ ಹಾಕಿ. ಜಾಗ ಸಾಲದಿದ್ದರೆ ನನ್ನ ಭಾಷಣದಲ್ಲಿ ಎರಡು ಪುಟ ಕಡಿಮೆ ಮಾಡಿ.

ನನ್ನ ಗೆಳೆಯ ಈಗಲೂ ಒಲೆ ಮುಂದೆಯೇ ಇದ್ದಾನೆ, ಮಧ್ಯಾಹ್ನದ ಅಡುಗೆ ನೋಡಿಕೊಳ್ಳುತ್ತಿದ್ದಾನೆ. ಊಟದ ಗಂಟೆಯನ್ನು ಅವನ ಕೈಯಿಂದಲೇ ಹೊಡೆಸಬೇಕು ಅಂತ ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಅವನು ಹೊಡೆದರೆ ಅದರ ಸದ್ದು ಕೊನೇ ಗದ್ದೆಯ ತನಕ ಕೇಳುತ್ತಿತ್ತು. ಈಗಲೂ ಕೇಳಬಹುದು.